ಆರಡಿ ಉಪ್ಪುನೀರು

ಈ ಊರಿನ ನೀರಿಗೆ ಹೆಸರಿದೆ.
ಬರ್ಟನ್ನಿನ ಬಾವಿಗಳಲ್ಲಿ ಕರಗಿದ ಜಿಪ್ಸಮ್ಮಿನ ದೆಸೆಯಿಂದ
ಬಿಯರು ಲೋಕವೆಲ್ಲ ಸುತ್ತಿತಂತೆ.
ಗಾಳಿ ಇತ್ತ ತಿರುಗಿದರೆ ಇವತ್ತಿಗೂ ಬೀದಿಯೆಲ್ಲ
ರಾತ್ರಿ ಉಕ್ಕಿದ ದೋಸೆಹಿಟ್ಟಿನ ಹುಳಿ.
ಅಂಥ ನೀರನ್ನು ನಾನು ಮೊದಲು ಬಡವಾಗಿಸಬೇಕು.

ಸಿಂಕಿನ ಕೆಳಗೆ ಮೂರು ಬಿಳಿ ಕೊಳವೆ, ಒಳಗೊಂದು ಪೊರೆ.
ಒಂದು ಬಾಯಲ್ಲಿ ತೊಟ್ಟು ತೊಟ್ಟು, ಏನೂ ಇಲ್ಲದ ನೀರು;
ಇನ್ನೊಂದರಲ್ಲಿ ಅದರ ಮೂರು ಪಟ್ಟು, ಚರಂಡಿಗೆ.
ಆರುನೂರು ಲೀಟರಿಗೆ ಐದು ರಾತ್ರಿ.
ನನಗಿದು ಹೊಸತಲ್ಲ. ಆಸ್ಪತ್ರೆಯಲ್ಲಿ ದಿನವೂ ಇದೇ:
ಇಂಥದೇ ಪೊರೆ, ಇಂಥದೇ ಬೋಳು ನೀರು,
ಅಳೆದು ಸೋಡಿಯಂ, ಅಳೆದು ಕ್ಯಾಲ್ಸಿಯಂ,
ಪಕ್ಕದ ಕುರ್ಚಿಯಲ್ಲಿ ಒರಗಿದವರ ರಕ್ತ
ನಾಲ್ಕು ಗಂಟೆ ಹೊರಗೆ ಅಲೆದು ಮನೆಗೆ ಮರಳುವುದು.

ನೆಲದ ಹಲಗೆ ಎಬ್ಬಿಸಿ ಇಣುಕಿದ ಬಡಗಿ ಆಸ್ಟಲ್ ಅಂದ:
“ಒಂದು ಟನ್ನು. ಹನ್ನೆರಡು ಜನ ಈ ಮೂಲೆಯಲ್ಲಿ
ಕದಲದೆ, ಕೂರದೆ, ವರ್ಷಗಟ್ಟಲೆ ನಿಂತ ಹಾಗೆ.”
ತೊಲೆಗೆ ಎರಡು ಇಟ್ಟಿಗೆಯ ಊರುಗೋಲು ಕಟ್ಟಿದ.
ಗಾಜು ಹೊತ್ತು ತಂದವರು ಆರು ಮಂದಿ,
ಒಬ್ಬನ ಬೂಟಿನ ಗುರುತು ಗೋಡೆಯ ಮೇಲೆ ಇನ್ನೂ ಇದೆ.

ಉಚ್ಚಿಲದಿಂದ ಅಮ್ಮ, ಫೋನಿನಲ್ಲಿ:
“ಬುಟ್ಟಿ ಹೊತ್ತು ಮೀನು ಮಾರಿ ಓದಿಸಿದೆ ನಿನ್ನ,
ಈಗ ಉಪ್ಪನ್ನೂ ದುಡ್ಡು ಕೊಟ್ಟು ಕೊಂಡೆಯಾ?”
ಇಪ್ಪತ್ತಮೂರು ಕಿಲೋ, ಎಂದೆ.
“ಮೀನು ಸಾರಿಗೆ ಆದೀತಾ?”
ಮೀನೇ ಇಲ್ಲಮ್ಮ, ಬರೀ ಕಲ್ಲು.
ತುಂಬ ಹೊತ್ತು ಆಚೆ ಮಾತಿಲ್ಲ.

ಮಂಗಳ, ಗುರು, ಶನಿ. ಏಳನೆಯ ಕುರ್ಚಿ. ಡೆಸ್ಮಂಡ್ ಹ್ಯಾಲಮ್,
ಪೀಪಾಯಿ ಕಟ್ಟುತ್ತಿದ್ದವರು, ನೀರಿನ ತೂಕ ಬೆನ್ನಿನಿಂದ ಬಲ್ಲವರು.
ಈಗ ದಿನಕ್ಕೆ ಮುಕ್ಕಾಲು ಲೀಟರು, ಚಹಾವೂ ಸೇರಿ.
ಉಪ್ಪು ತಿಂದವ ನೀರು ಕುಡಿಯಲೇಬೇಕು,
ಈ ಕೋಣೆಯಲ್ಲಿ ಹೇಳಬಾರದ ಗಾದೆ.
ಮಂಜಿನ ತುಣುಕು ದವಡೆಯಿಂದ ದವಡೆಗೆ ಸರಿಸುತ್ತ
“ಏನು ಬಂತು ನಿನ್ನ ಸಮುದ್ರಕ್ಕೆ?” ಅನ್ನುವರು.

ಏನು ಬಂತು? ಮೊದಲು ಅಮೋನಿಯ;
ಪರೀಕ್ಷೆಯ ನಳಿಕೆಯಲ್ಲಿ ಹಸಿರು, ಕೆಟ್ಟ ಹಸಿರು.
ಅದನ್ನು ತಿನ್ನುವ ಜೀವಗಳು ಕಲ್ಲಿನ ರಂಧ್ರಗಳಲ್ಲಿ
ಸಂಸಾರ ಹೂಡುತ್ತಿವೆಯೆಂದು ನಂಬಿ ಕೂತೆ.
ಮೂರನೆಯ ವಾರ ಬಿಳಿ ಮರಳೆಲ್ಲ ಕಂದು ಲೋಳೆ,
ಚಹಾ ಚೆಲ್ಲಿ ಒರೆಸದೆ ಬಿಟ್ಟ ಮೇಜುಬಟ್ಟೆ.
ತೆಗೆದುಬಿಡಲೇ ಎಲ್ಲ, ಅಂದೆ.
“ಹೊಸ ಪೀಪಾಯಿಗೂ ನೀರು ತುಂಬಿ ಬಿಡುತ್ತಿದ್ದೆವು.
ಸೋರುತ್ತದೆ. ಬೈಯಬೇಡ. ಮರ ಕುಡಿದು ಉಬ್ಬಿ
ತನ್ನ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ.”

ಒಂದು ನಡುರಾತ್ರಿ, ನೈಟ್ ಡ್ಯೂಟಿ ಮುಗಿಸದೆ ಜ್ವರಕ್ಕೆ ಮನೆಗೆ ಬಂದವಳು
ಕೋಟು ಬಿಚ್ಚದೆ ಟಾರ್ಚು ಬಿಟ್ಟೆ:
ಕಲ್ಲಿನಂಚಿನಲ್ಲಿ ಹುರುಳಿಕಾಳಿನಷ್ಟು ಒಂದು ಹುಳು
ಗರಿಯ ಕೊಡೆ ಬಿಚ್ಚಿತ್ತು.
ನಾನು ತಂದದ್ದಲ್ಲ. ಯಾರನ್ನೂ ಕೇಳದೆ
ಕಲ್ಲಿನ ಜೊತೆ ಬಂದು ಐದು ವಾರ ಸುಮ್ಮನಿದ್ದದ್ದು.
ಉಸಿರು ಬಿಟ್ಟೆನೋ ಏನೋ, ಸರಕ್ಕನೆ ಒಳಗೆ.

ಆಮೇಲೆ ಬಂದವು ಎರಡು ಕಿತ್ತಳೆ ಮೀನು.
ವೀಡಿಯೊ ಹಿಡಿದು ಏಳನೆಯ ಕುರ್ಚಿಗೆ ಬಾಗಿದೆ.
ನೋಡಿದರು, ಮತ್ತೆ ನೋಡಿದರು. “ಇವು ನೀರು ಕುಡಿಯುತ್ತವಾ?”
ಸೂಜಿಯ ಪಟ್ಟಿ ಸರಿಪಡಿಸುವ ನೆಪದಲ್ಲಿ ತಡೆದು ಹೇಳಿದೆ:
ಕಡಲ ಮೀನು ದಿನವಿಡೀ ಕುಡಿಯುತ್ತದೆ, ಡೆಸ್ಮಂಡ್.
ಕುಡಿದು, ಉಪ್ಪನ್ನು ಕಿವಿರಿನಿಂದ ಆಚೆ ತಳ್ಳುತ್ತದೆ.
“ಕಳ್ಳ ನನ್ನ ಮಗನೇ!” ಎಂದು ಎಷ್ಟು ನಕ್ಕರೆಂದರೆ
ತೋಳು ಅಲುಗಿ ಯಂತ್ರ ಕೂಗಿಕೊಂಡಿತು.

ಮನೆಯಲ್ಲಿ ಗಾಜಿನ ಮೇಲೆ ಪೆನ್ನಿನಲ್ಲೊಂದು ಗೆರೆ.
ದಿನವೂ ನೀರು ಅದರಿಂದ ಒಂದು ಬೆರಳು ಇಳಿಯುತ್ತದೆ.
ಆವಿಯಾಗುವುದು ನೀರು ಮಾತ್ರ; ಉಪ್ಪು ಎಲ್ಲಿಗೂ ಹೋಗುವುದಿಲ್ಲ.
ಹಾಗಾಗಿ ಸಪ್ಪೆ ನೀರೇ ಸುರಿಯಬೇಕು, ಮೆಲ್ಲಗೆ.
ಇವತ್ತು ಏಳು ಲೀಟರು ಹಿಡಿಯಿತು.
ನಾಳೆ ಗುರುವಾರ. ಎಷ್ಟು ಕುಡಿಯಿತು ಎಂದು ಕೇಳುತ್ತಾರೆ.
ಸ್ವಲ್ಪ ಕಡಿಮೆ ಮಾಡಿ ಹೇಳುತ್ತೇನೆ.