ಜೋಗಿ ಲೆಕ್ಕ

ಬೊಪ್‌ಸಂಗ್‌ಪೋ ಬಂದರಿನ ಬೀದಿಯಲ್ಲಿ
ಹಗ್ಗಕ್ಕೆ ಇಪ್ಪತ್ತರಂತೆ ಮೀನು ತೂಗುತ್ತವೆ,
ಹತ್ತು ಈಚೆ, ಹತ್ತು ಆಚೆ,
ಬಾಯಿ ತೆರೆದುಕೊಂಡೇ ಒಣಗಿದವು,
ಏನೋ ಹೇಳಹೊರಟು ಮರೆತವರ ಹಾಗೆ.

ಕಡಲಲ್ಲಿದ್ದಾಗ ಇದರ ಹೆಸರು ಜೋಗಿ.
ಉಪ್ಪು ಹಿಡಿದು ಗಾಳಿಗೆ ಬಿಗಿದ ಮೇಲೆ ಗುಲ್ಬಿ.
ನನ್ನ ನುಡಿಯಲ್ಲಿ ಜೋಗಿಯೆಂದರೆ
ನಾವು ಭಿಕ್ಷೆ ಹಿಡಿದು ಹೊರಬರುವಷ್ಟರಲ್ಲಿ
ಮುಂದಿನ ಊರಿನ ದಾರಿ ಹಿಡಿದವನು.
ಪ್ಯೋ ದೊಕ್‌ಸುವಿಗೆ ಇದನ್ನು ಹೇಳಿದೆ.
ಮೀನೂ ಹಾಗೇ, ಅಂದ.

ಅವನೀಗ ಬೆಟ್ಟದ ಸುರಂಗಕ್ಕೆ ಕಾವಲು.
ಮೂವತ್ತು ವರ್ಷ ಹುಟ್ಟು ಹಿಡಿದ ಕೈಯಲ್ಲಿ ಬೀಗದ ಗೊಂಚಲು.
ಚಿಲ್‌ಸಾನ್ ಕಡಲು ಬಿಟ್ಟು ಜೋಗಿ ತೆಂಕಕ್ಕೆ ಹೋಯಿತು.
ಯಾಕೆಂದರೆ ಒಬ್ಬೊಬ್ಬರದು ಒಂದೊಂದು:
ಬಲೆ ಹೆಚ್ಚಾಯಿತು. ನೀರು ಬಿಸಿಯಾಯಿತು.
ಅದಕ್ಕೆ ಇಲ್ಲಿ ಮನಸ್ಸಿರಲಿಲ್ಲ, ಎಂದಿದ್ದಳಂತೆ ಅವನಮ್ಮ.

ದಡದಲ್ಲಿ ಸಾಲಾಗಿ ಆರು ಗುಮ್ಮಟ.
ಮೊದಲು ಅದಕ್ಕೂ ಊರಿನದೇ ಹೆಸರು.
ಆ ಹೆಸರಿಗೇ ಗಿರಾಕಿ ಬೆದರುತ್ತಾರೆಂದು
ಗುಲ್ಬಿಯವರು ಜಗಳ ತೆಗೆದರು.
ಸ್ಥಾವರ ಇದ್ದಲ್ಲೇ ಇತ್ತು,
ಹೆಸರು ಮಾತ್ರ ಎದ್ದು ಹೋಯಿತು.

ಗುಮ್ಮಟದೊಳಗೆ ಯುರೇನಿಯಂ ಒಡೆದಾಗ
ಹೊರಡುವ ನ್ಯೂಟ್ರಿನೊ
(ಪ್ರತಿ-ನ್ಯೂಟ್ರಿನೊ ಅನ್ನಿ, ಎಂದು ತಿದ್ದುತ್ತಾಳೆ ತಾಕ್ ಯುನ್‌ಸೊ)
ಕಾಂಕ್ರೀಟು, ಕಬ್ಬಿಣ, ಬೆಟ್ಟ, ದೊಕ್‌ಸುವಿನ ಹಣೆ
ಯಾವುದನ್ನೂ ಬಾಗಿಲೆಂದು ತಟ್ಟದೆ ಹೋಗುತ್ತದೆ.

ಅದಕ್ಕೆ ಎರಡು ತೊಟ್ಟಿ ಕಟ್ಟಿದ್ದಾರೆ.
ಒಂದು ಹತ್ತಿರ, ಮುನ್ನೂರು ಮೀಟರಿಗೆ ತುಸು ಕಡಿಮೆ.
ಇನ್ನೊಂದು ಈ ಬೆಟ್ಟದಡಿ, ಸಾವಿರದ ನಾನೂರರ ಹತ್ತಿರ.
ಅವಳಿಗಳು. ಅದೇ ಎಣ್ಣೆ, ಅದೇ ಅಳತೆ,
ಗೋಡೆ ತುಂಬ ಅದೇ ಗಾಜಿನ ಕಣ್ಣು.
ಕೋಟಿ ಕೋಟಿ ಹಾದುಹೋಗುವಲ್ಲಿ
ಯಾವುದೋ ಒಂದು ಎಡವಿದರೆ ಮಿಂಚು.
ಸೆಕೆಂಡನ್ನು ಹತ್ತು ಲಕ್ಷ ಹೋಳು ಮಾಡಿ
ಮೂವತ್ತು ಹೋಳು ಕಾದರೆ ಇನ್ನೊಂದು.
ಜೋಡಿ ಬಂದರೆ ಮಾತ್ರ ಲೆಕ್ಕಕ್ಕೆ.
ಒಂಟಿ ಮಿಂಚನ್ನು ನಂಬುವಂತಿಲ್ಲ,
ಬಂಡೆಯೂ ಸುಳ್ಳು ಹೇಳುತ್ತದೆ.

ದಿನಕ್ಕೆ ಎಪ್ಪತ್ತು ಚಿಲ್ಲರೆ, ಅಂದಳು.
ದೂರ ಹೋದಷ್ಟೂ ತೆಳುವಾಗುತ್ತಲ್ಲ,
ದೋಣಿಯ ಲಾಟೀನಿನ ಹಾಗೆ? ಅಂದ.
ಅದನ್ನು ಕಳೆದ ಮೇಲೂ
ನೂರು ಬರಬೇಕಾದಲ್ಲಿ ತೊಂಬತ್ತೆರಡೇ.
ಉಳಿದ ಎಂಟು?
ಕಳೆದುಹೋಗಿಲ್ಲ. ದಾರಿಯಲ್ಲಿ ಬೇರೆ ರುಚಿಗೆ ಹೊರಳಿವೆ.
ರುಚಿ ಅಂತಲೇ ನಾವು ಅನ್ನುವುದು, ಮೂರಿವೆ,
ನಮ್ಮ ಎಣ್ಣೆಗೆ ಒಂದೇ ಗೊತ್ತು.
ಇನ್ನೂ ದೂರ ಹೋದರೆ
ಹಳೆಯ ರುಚಿಗೆ ಮರಳಲೂಬಹುದು.

ದೊಕ್‌ಸು ಒಪ್ಪಲೂ ಇಲ್ಲ, ಬಿಡಲೂ ಇಲ್ಲ.
ಅವನ ಹಳೆಯ ದೋಣಿ ಪುಸ್ತಕಕ್ಕೆ ಎರಡೇ ಅಂಕಣ:
ಹೋದದ್ದು, ಬಂದದ್ದು.
ಎಂಬತ್ತೇಳರ ಮಾರ್ಚಿಯಲ್ಲಿ ಒಂದು ಸಾಲಿದೆ:
ಆರು ಜನ. ಐದು ಜನ.
ಹೆಸರಿಲ್ಲ. ಶಾಯಿ ಕದಡಿಯೂ ಇಲ್ಲ.
ಮೂರನೆಯ ಅಂಕಣವಿರುವ ಪುಸ್ತಕ ಸಿಗುತ್ತದೆಯೇ ಎಂದು
ಪೇಟೆಯಲ್ಲಿ ಕೇಳಿದನಂತೆ, ನಾಚುತ್ತ.
ಎಂಥದಕ್ಕೆ, ಅಂದರಂತೆ ಅಂಗಡಿಯವರು.
ಹೇಳಲಾಗದೆ ಒಂದು ಪೆನ್ಸಿಲು ಕೊಂಡು ಬಂದ.

ಛುಸೊಕ್ ಹಬ್ಬಕ್ಕೆ ಊರಿಗೆ ಹೊರಟಳು ಯುನ್‌ಸೊ.
ಸುರಂಗದ ಬಾಯಲ್ಲಿ ನಿಲ್ಲಿಸಿ
ಗುಲ್ಬಿಯ ಹಗ್ಗ ಕೊಟ್ಟ.
ಎಣಿಸುವುದು ಅವಳ ಕಸುಬು. ಎಣಿಸಿದಳು.
ಹತ್ತೊಂಬತ್ತು.
ಹಲ್ಲಿನ ಸಂದಿಯ ಮುಳ್ಳನ್ನು
ನಾಲಗೆಯಿಂದ ತಡವುತ್ತ ಅವನೆಂದ:
ಕಳೆದುಹೋಗಿಲ್ಲ.

ಅವಳಿಗೆ ನಗು ತಡೆಯಲಾಗಲಿಲ್ಲ.
ಅವನು ನಗಲಿಲ್ಲ. ತಿರುಗಿ,
ಬೀಗ ಸರಿಯಾಗಿ ಬಿದ್ದಿದೆಯೇ ಎಂದು
ಇನ್ನೊಮ್ಮೆ ಜಗ್ಗಿ ನೋಡಿದ.