ನೀರು ಬಿಡಿಸುವ ಕೆಲಸ

ಅಕ್ಟೋಬರಿನ ಎರಡನೇ ವಾರ. ವಿನಿಪೆಗ್ ಸರೋವರದ ದಂಡೆಯಿಂದ
ಹೆಬ್ಬಾತುಗಳು ಹೋದವು, ಹಿಂದೆಯೇ ದೋಣಿಗಳೂ.
ಉಳಿದದ್ದು ನಾಲ್ಕು ಸಾಲು ಟ್ರೇಲರು, ನಾನು,
ತಂಗಿಯ ಮಗ ಕೆಲ್ವಿನ್, ಅವನ ತೂತುಬಿದ್ದ ಕೈಗವಸು,
ಪಿಕಪ್ಪಿನ ಬೆನ್ನ ಮೇಲೆ ಅರವತ್ತು ಕ್ಯಾನು ಗುಲಾಬಿ ದ್ರವ.

ನೋಡು ಮಗಾ, ಮೊದಲು ಬಿಸಿನೀರಿನ ಟ್ಯಾಂಕು.
ಆರಿದೆಯೋ ಇಲ್ಲವೋ, ಅಂಗೈ ಇಟ್ಟು ಕೇಳು.
ಒತ್ತಡ ಇಳಿಸದೆ ಬಿರಡೆ ತೆಗೆದರೆ ಮುಖಕ್ಕೇ ಉಗಿಯುತ್ತೆ,
ನನ್ನ ಕೆನ್ನೆಯ ಕಲೆ ಅದರದ್ದೇ, ಮುದ್ದಿನದಲ್ಲ.
ಬಿರಡೆಯ ಜೊತೆಗೆ ಈ ಕಂಬಿ ಬರುತ್ತೆ. ಹಿಡಿ.
ಟ್ಯಾಂಕನ್ನು ತಿನ್ನಬೇಕಾದ ನೀರು
ಇದನ್ನು ತಿನ್ನಲಿ ಅಂತ ಇಟ್ಟದ್ದು.
ಜೂನಿನಲ್ಲಿ ಹೆಬ್ಬೆರಳ ದಪ್ಪ, ಈಗ ನೋಡು,
ಮೀನು ತಿಂದು ಬಿಟ್ಟ ಮುಳ್ಳು.
ಇಂಥ ಮುಳ್ಳಾದರೆ ಆ ಮನೆಯಲ್ಲಿ ಮಕ್ಕಳಿದ್ದಾರೆ,
ದಿನಕ್ಕೆ ಮೂರು ಸ್ನಾನ, ಮರಳು ತುಂಬಿದ ಕಾಲು.
ಹೆಸರು ಓದಬೇಡ, ಕಂಬಿ ಓದು.

ಆಮೇಲೆ ಬೈಪಾಸ್ ತಿರುಪು. ಮರೆತೆಯೋ,
ಆರು ಗ್ಯಾಲನ್ ಗುಲಾಬಿ ಟ್ಯಾಂಕಿನ ಹೊಟ್ಟೆಗೆ,
ಅದರ ಹಿಂದೆಯೇ ನಿನ್ನ ಸಂಬಳ.

ತಳದ ಎರಡು ಕೊಳವೆ ಬಿಚ್ಚು. ಬರುತ್ತೆ, ಬಿಡು.
ಹೋಗು ಅಂದರೆ ನೀರು ಹೋಗುತ್ತೆ, ಇಲ್ಲ ಅನ್ನುವುದಿಲ್ಲ,
ಹೋದ ಹಾಗೆ ಮಾಡಿ ಕೊಳವೆಯ ಮೊಣಕೈಯಲ್ಲಿ ಕೂರುತ್ತೆ,
ಸಾಲ ಕೊಟ್ಟವನು ಬಾಗಿಲು ಬಡಿದಾಗ ಅಟ್ಟ ಹತ್ತಿದವನ ಹಾಗೆ.
ಅದಕ್ಕೇ ಗಾಳಿ. ನಲವತ್ತು ಪೌಂಡು, ಒಂದೂ ಹೆಚ್ಚಲ್ಲ.
ನಲ್ಲಿ ಕೆಮ್ಮುತ್ತೆ, ಕ್ಯಾಕರಿಸುತ್ತೆ, ಸುಮ್ಮನಾಗುತ್ತೆ.
ಸುಮ್ಮನಾದ ಮೇಲೂ ನಂಬಬೇಡ.

ಈಗ ಗುಲಾಬಿ. ಪಂಪು ಹಾಕು.
ಅಡುಗೆಮನೆ: ಬಿಸಿ, ತಣ್ಣನೆ. ಬಚ್ಚಲು: ಬಿಸಿ, ತಣ್ಣನೆ.
ಬಣ್ಣ ಬರುವ ತನಕ ಕಾಲಲ್ಲಿ ಪೆಡಲು ಒತ್ತಿ ನಿಲ್ಲು,
ಕಕ್ಕಸು ಅಂತ ಮೂಗು ಮುಚ್ಚಬೇಡ.
ಬಟ್ಟೆ ಒಗೆಯುವ ಯಂತ್ರಕ್ಕೆ ಅರ್ಧ ಕ್ಯಾನು ಕುಡಿಸಿ
ಒಂದು ಸುತ್ತು ತಿರುಗಿಸು, ಅದರ ಪಂಪಿನ ಗಂಟಲೂ ನೆನೆಯಲಿ.
ಫ್ರಿಜ್ಜಿನ ಐಸು ಮಾಡುವ ಪೆಟ್ಟಿಗೆ ಇದೆಯಲ್ಲ,
ಬೇಸಗೆಯೆಲ್ಲ ಗಡ್ಡೆ ಹೆತ್ತದ್ದು,
ಗಡ್ಡೆಗೇ ಸಾಯುವುದು ಮೊದಲು ಅದೇ.
ಅದರ ಸಣ್ಣ ಕೊಳವೆ ಬಿಚ್ಚಿ ಬಾಯಲ್ಲಿ ಊದು. ನಗಬೇಡ. ಊದು.

ಹದಿನಾಲ್ಕನೇ ನಂಬರು. ಲೋರ್ನ್ ಪಾಲ್ಸನ್
ಜೇಬಿನಲ್ಲಿ ಕೈಯಿಟ್ಟು ಮೆಟ್ಟಿಲ ಬಳಿ ನಿಂತಿದ್ದ.
ಹೋದ ವರ್ಷ ನನ್ನನ್ನು ಕರೆಯಲಿಲ್ಲ,
‘ನಲವತ್ತು ವರ್ಷ ಟ್ರಾಕ್ಟರು ಬಿಚ್ಚಿದವನು ನಾನು, ಡಾಗ್ನಿ’ ಅಂದಿದ್ದ.
ಎಲ್ಲ ಸರಿಯಾಗಿಯೇ ಮಾಡಿದ್ದ, ಎಲ್ಲ,
ಹೊರಗೋಡೆಯ ಅಂಗೈಯಗಲದ ಬಾಗಿಲ ಹಿಂದಿನ
ಕಾಲು ತೊಳೆಯುವ ಷವರೊಂದನ್ನು ಬಿಟ್ಟು.
ಅಲ್ಲಿದ್ದದ್ದು ಒಂದು ಚಮಚ ನೀರು.
ಮೈನಸ್ ಮೂವತ್ತೈದರಲ್ಲಿ ಅದು ಮೈಮುರಿದು ಎದ್ದಿತು.
ಮೇ ತಿಂಗಳಲ್ಲಿ ನಲ್ಲಿ ಬಿಟ್ಟರೆ ಗೋಡೆಯೊಳಗೇ ಮಳೆ,
ಹಲಗೆ ಉಬ್ಬಿ, ಹಾಸಿಗೆಗಳಿಗೆ ಬೂಸಲು.

ಕೆಲ್ವಿನ್ ಕಂಬಿ ತೆಗೆದು ನನ್ನ ಕೈಗಿಟ್ಟ.
ನೆಟ್ಟಗೆ, ದಪ್ಪಗೆ, ಅಂಗಡಿಯ ಗೀರೂ ಮಾಸಿಲ್ಲ.
ಹುಡುಗ ಬಾಯಿ ತೆರೆದ. ಅವನ ಬೂಟು ಮೆಟ್ಟಿದೆ.

‘ಹೊಸದು ಬೇಕೇನು?’ ಲೋರ್ನ್ ಕೇಳಿದ, ಸರೋವರದ ಕಡೆ ನೋಡುತ್ತ.
ಬೇಡ, ಅಂದೆ. ಇದೇ ನಡೆಯುತ್ತೆ.
‘ರಿಪೇರಿಯವನು ಆಗಸ್ಟಿಗೆ ಬಂದ,’ ಅಂದ.
‘ಅಷ್ಟರಲ್ಲಿ ಅವರು ಬೇರೆ ಕಡೆ ಹಿಡಿದಿದ್ದರು, ಮಗಳ ಮನೆಯವರು.
ಅಲ್ಲಿ ಈಜುಕೊಳ ಇದೆಯಂತೆ.’

ಅವನೇ ಹೋಗಿ ಆ ಪುಟ್ಟ ಬಾಗಿಲು ತೆಗೆದ.
ಮೊದಲು ಬಿಸಿ, ಆಮೇಲೆ ತಣ್ಣನೆ,
ಗುಲಾಬಿ ಬಂದು ಬೆರಳ ಮೇಲೆ ಹರಿದು
ಹುಲ್ಲಿಗೆ ಬಿದ್ದರೂ ಮುಚ್ಚಲಿಲ್ಲ.
ಕ್ಯಾನಿಗೆ ಏಳು ಡಾಲರು. ನಾನು ಲೆಕ್ಕ ಹಿಡಿಯಲಿಲ್ಲ.