ಕೆಂಪು ಕೋಟಿನ ಅಳತೆ

ಇನಾಸಣ್ಣ ಹೋದ ಮೇಲೆ ಕೋಟು ನನ್ನಲ್ಲೇ ಉಳಿಯಿತು,
ಹೊಲಿಗೆ ಮಿಷನ್ನಿನ ಪಕ್ಕದ ಮೊಳೆಯಲ್ಲಿ.
ಹತ್ತಿರ ಹೋದರೆ ಈಗಲೂ ನುಸಿಗುಳಿಗೆ, ಬೀಡಿ,
ಒಂದು ಗುಟುಕು ಮನೆವೈನು.

ಹದಿನಾರು ವರ್ಷ ಇದನ್ನು ಬಿಚ್ಚಿದವಳೂ ನಾನೇ, ಹೊಲಿದವಳೂ ನಾನೇ.
ಮೊದಲು ತೊಟ್ಟವನು ತೋಟದ ರೈಟರು ಲಾದ್ರು,
ಬೇಲಿಗೂಟದ ಹಾಗೆ ಸಣಕಲ.
ಆಮೇಲೆ ಇನಾಸಣ್ಣ, ದಿಂಬು ಬೇಡದ ಹೊಟ್ಟೆ.
ಕಂಕುಳ ಕೆಳಗೆ ನೋಡಿ, ಸಾಲು ಸಾಲು ಸೂಜಿತೂತು.
ಬಟ್ಟೆಗೆ ಮರೆವು ಕಡಿಮೆ.

ಈ ಸಲ ತೊಡುವವರು ಯಾರು?
ಕಾಫಿ ಒಟ್ಟಿಗೇ ಹಣ್ಣಾಗಿ ಕೂತಿದೆ,
ಕಿಲೋ ಲೆಕ್ಕದಲ್ಲಿ ಕೊಯ್ದು ಬಂದ ಗಂಡಸರು
ಏಳಕ್ಕೇ ಕಂಬಳಿಯೊಳಗೆ.
'ತಾತನಿಲ್ಲದೆ ಹೋಗಿ, ಹಾಡಿದರೆ ಸಾಕು' ಅಂದರು ಪಾದ್ರಿಗಳು.
ಕಿಡಿಯೊ ಸುತ್ತುತ್ತಿದ್ದ ಮಕ್ಕಳು
ಬಾಚಣಿಗೆ ಹಿಡಿದ ಕೈ ನಿಲ್ಲಿಸಿ ನನ್ನನ್ನೇ ನೋಡಿದವು.
ಇದರ ಅಳತೆ ನನ್ನಷ್ಟು ಯಾರಿಗೆ ಗೊತ್ತು?
ಕತ್ತರಿ ಮುಟ್ಟಲಿಲ್ಲ. ಎಂಟು ಪಿನ್ನು ಚುಚ್ಚಿಕೊಂಡು ತೊಟ್ಟೆ,
ಅವನ ಹೊಲಿಗೆ ಹಾಗೇ ಇರಲಿ ಎಂದು.

ಗೋದಲಿಗೆ ಪಾಚಿ ತಂದವಳು ಲೈನುಮನೆಯ ಮಾಳಿ,
ಬುಟ್ಟಿ ತುಂಬ, ಒಂದೆರಡು ಇರುವೆ ಸಮೇತ.
ಕಾಲು ಮುರಿದ ಒಂಟೆಯ ಜಾಗದಲ್ಲಿ
ಮಗನ ಮಣ್ಣಾನೆ ಇಟ್ಟು ಹೋದಳು.
ಯಾರೂ ತೆಗೆಯಲಿಲ್ಲ. ಯಾರೂ ಏನೂ ಅನ್ನಲೂ ಇಲ್ಲ,
ಅದರ ಮೇಲೆ ಕಣ್ಣು ನಿಲ್ಲಿಸಲೂ ಇಲ್ಲ.

ಮುತ್ತವ್ವನ ಮನೆಬಾಗಿಲಲ್ಲಿ ಪುತ್ತರಿಯ ಕದಿರು
ಒಣಗಿಯೂ ಇನ್ನೂ ಬಂಗಾರ.
ಹಾಡು ಮುಗಿಯುವವರೆಗೆ ನಿಂತೇ ಇದ್ದರು.
'ಒಳ್ಳೇ ಹಂದಿಗೆ ವಿನೆಗರ್ ಹಾಕಿ ಕೆಡಿಸುತ್ತೀರಿ, ಪಾಪ' ಎಂದು
ಒಂದು ಸೀಸೆ ಕಾಚಂಪುಳಿ ಕೊಟ್ಟು
ನನ್ನ ಮಣಿಕಟ್ಟು ಹಿಡಿದರು:
'ಇದೇನು, ತಾತ ಈ ವರ್ಷ ಬಳೆ ತೊಟ್ಟಿದ್ದಾನೆ?'
ಹತ್ತಿಯ ಗಡ್ಡ ಬಾಯೊಳಗೆ ಹೋಗುವಷ್ಟು ನಕ್ಕೆ.

ಅಮ್ಮತ್ತಿ ದಾಟಿ, ತೋಟದೊಳಗಿನ ಎರಡನೇ ತಿರುವು.
ಶಂಸು ಜೀಪು ನಿಲ್ಲಿಸಿದ. ಲೈಟು ಆರಿಸಿದ.
ಮೊದಲು ಬಂದದ್ದು ವಾಸನೆ,
ಆಮೇಲೆ ಕೊಂಬೆ ಲಟಕ್ಕೆಂದ ಸದ್ದು.
ಐದು. ಅಲ್ಲ, ಆರು.
ದೊಡ್ಡ ಕಾಲುಗಳ ನಡುವೆ ಒಂದು ಪುಟ್ಟದು,
ಎಲ್ಲಿ ನಿಲ್ಲಬೇಕೆಂದು ಇನ್ನೂ ತಿಳಿಯದ್ದು.

ಹನ್ನೊಂದು ಜನ ನಾವು, ಒಂದು ಗಿಟಾರು, ಒಂದು ಡೋಲು.
ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ
ಡೋಲಿನ ಮೇಲೆ ಅಂಗೈ ಇಟ್ಟು ಕೂತ ಆಲ್ಡಿನ್.
ಗಂಟೆಯ ನಾಲಗೆಯನ್ನು ನಾನು ಮುಷ್ಟಿಯಲ್ಲಿ ಅದುಮಿದೆ.
ಉಸಿರು ಬಿಗಿಹಿಡಿದಾಗ ಪಿನ್ನೊಂದು ಪಕ್ಕೆಗೆ ಚುಚ್ಚಿತು,
ಚುಚ್ಚಿಕೊಂಡೇ ಇತ್ತು.

ಹೇಳಲಿಲ್ಲ ಅಲ್ಲವೆ?
ಮಾರ್ಚಿಯಲ್ಲಿ ಇನಾಸಣ್ಣ ಹೋದದ್ದು ಇಂಥದೇ ತಿರುವಿನಲ್ಲಿ,
ಡೈರಿಗೆ ಹಾಲು ಹಾಕಿ ಬರುವಾಗ.
ಕ್ಯಾನು ಸಿಕ್ಕಿದ್ದು ಮೂರು ಗಿಡ ಆಚೆ,
ತಗಡು ಹಾಳೆಯ ಹಾಗೆ ಚಪ್ಪಟೆ.

ಇದೇ ಹಿಂಡೋ, ಬೇರೆಯೋ, ಯಾರು ಬಲ್ಲರು.
ಸಿಟ್ಟು ತಂದುಕೊಳ್ಳಲು ನೋಡಿದೆ. ನಿಜವಾಗಿ ನೋಡಿದೆ.
ಅಷ್ಟರಲ್ಲಿ ಮರಿ ಸೀನಿತು,
ತಾಯಿ ಸೊಂಡಿಲಿಂದ ಅದನ್ನು ಹೊಟ್ಟೆಯಡಿಗೆ ತಳ್ಳಿಕೊಂಡಳು.
ನಮ್ಮ ಚಿಕ್ಕ ಹುಡುಗಿ ಯಾರೋ 'ಒಳ್ಳೇದಾಗಲಿ' ಅಂದುಬಿಟ್ಟಳು,
ಮನುಷ್ಯರು ಸೀನಿದಾಗ ಅನ್ನುವ ಹಾಗೆ, ಪಿಸುಮಾತಲ್ಲಿ.

ಮುಕ್ಕಾಲು ಗಂಟೆ. ಒಂದು ಹಾಡಿನ ಎಷ್ಟು ಪಟ್ಟು ಅದು?
ಹೋದ ಮೇಲೂ ಶಂಸು ಕೀಲಿ ತಿರುಗಿಸಲಿಲ್ಲ,
ಯಾರೂ ತಿರುಗಿಸು ಅನ್ನಲಿಲ್ಲ.
ಕೊನೆಯ ಮನೆ ತಲುಪಿದಾಗ ನಕ್ಷತ್ರದ ಬಲ್ಬು ಆರಿತ್ತು.
ಬಾಗಿಲು ತಟ್ಟಿ, ಹಾಡದೆ, ಕೇಕು ತಿಂದು ಬಂದೆವು.

ಬೆಳಿಗ್ಗೆ ಮಂಜು ಏಳುವ ಮೊದಲು ಕೋಟು ಒಗೆದೆ,
ಕಣದಲ್ಲಿ ಕಾಫಿ ಹಣ್ಣು ಹರಡಿದ ಅಂಚಿಗೆ ಹಗ್ಗ ಕಟ್ಟಿ ಒಣಹಾಕಿದೆ.
ಅಂಗೈಯಲ್ಲಿ ಗಂಟೆಯ ಗುರುತು ಇನ್ನೂ ಇತ್ತು.
ಬರೇ ನೀರಲ್ಲಿ ಒಗೆದೆ.
ಸೋಪು ಹಾಕಲಿಲ್ಲ, ಬೀಡಿಯ ವಾಸನೆ ಇರಲಿ ಎಂದು.